ಮೂವತ್ತು ನಲವತ್ತರ ಸೈಟು, ಒಳಗೊಂದು ಕಗ್ಗಂಟು

ಬೆಂಗಳೂರಿನ ಬಿ.ಟಿ.ಎಂ. ಬಡಾವಣೆಯ ಹೆಸರಿನಲ್ಲಿರುವ ಮೂರು ಅಕ್ಷರಗಳು ಮೂರು ಹಳ್ಳಿಗಳನ್ನು ಹೇಳುತ್ತವೆ: ಭೈರಸಂದ್ರ, ತಾವರೆಕೆರೆ, ಮಡಿವಾಳ. ಹಳ್ಳಿಗಳು ಹೋದವು, ಅಕ್ಷರಗಳು ಉಳಿದವು. ಮಡಿವಾಳದ ಸೋಮೇಶ್ವರ ದೇವಸ್ಥಾನದ ಹೊರಗೋಡೆಯ ಮೇಲೆ 1247ರ ತಮಿಳು ಶಾಸನವೊಂದಿದೆ. ವೆಪ್ಪೂರಿನ, ಅಂದರೆ ಈಗಿನ ಬೇಗೂರಿನ, ನಿವಾಸಿಯೊಬ್ಬ ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಭೂಮಿಯನ್ನು ದೇವರಿಗೆ ಬಿಟ್ಟುಕೊಟ್ಟ ದಾಖಲೆ ಅದು. ಭೂಮಿಯನ್ನು ಆಗ ಗುರುತಿಸುತ್ತಿದ್ದದ್ದು ಕೆರೆಯಿಂದ. ಈಗ ಗುರುತಿಸುವುದು ಅಡಿಗಳಿಂದ. ಮೂವತ್ತು ನಲವತ್ತು ಎಂದರೆ ಸಾಕು, ಬೆಂಗಳೂರಿನ ಯಾರಿಗೂ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ.

ಈ ಭೂಮಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದಕ್ಕೆ ಶಾಸನವಿದೆ, ಪಹಣಿ ಇದೆ, ನೋಂದಣಿ ಕಚೇರಿಯಲ್ಲಿ ಕಡತವಿದೆ. ಆದರೆ ಅದರ ಮೇಲೆ ಎದ್ದ ಮನೆಗಳೊಳಗೆ ಗಂಡ ಹೆಂಡತಿ ಏನು ಮಾತಾಡಿಕೊಂಡರು, ಯಾವುದನ್ನು ಮಾತಾಡದೆ ಉಳಿಸಿಕೊಂಡರು ಎಂಬುದಕ್ಕೆ ಯಾವ ಕಚೇರಿಯಲ್ಲೂ ಕಡತವಿಲ್ಲ. ಆ ಚರಿತ್ರೆ ಸಿಗುವುದಿದ್ದರೆ ಕಾದಂಬರಿಯಲ್ಲಿ.

ಅಮೆರಿಕದಲ್ಲಿ ಇಂಥ ಒಂದು ಕಾದಂಬರಿ 1961ರಲ್ಲಿ ಬಂತು. ರಿಚರ್ಡ್ ಯೇಟ್ಸ್ ಬರೆದ 'ರೆವಲ್ಯೂಷನರಿ ರೋಡ್'. ಕಥೆ ನಡೆಯುವುದು 1955ರ ಕನೆಕ್ಟಿಕಟ್‌ನಲ್ಲಿ, ನ್ಯೂಯಾರ್ಕಿಗೆ ರೈಲಿನಲ್ಲಿ ಹೋಗಿಬಂದು ಕೆಲಸ ಮಾಡುವವರ ಒಂದು ಹೊರವಲಯದ ಬಡಾವಣೆಯಲ್ಲಿ. ಫ್ರಾಂಕ್ ಮತ್ತು ಏಪ್ರಿಲ್ ವೀಲರ್ ದಂಪತಿಗೆ ಎರಡು ಮಕ್ಕಳು, ಹುಲ್ಲುಹಾಸಿರುವ ಮನೆ, ಕಾರು. ಸುತ್ತಲಿನವರಿಗಿಂತ ತಾವು ಬೇರೆ ಎಂಬ ನಂಬಿಕೆಯೊಂದೇ ಇಬ್ಬರನ್ನೂ ಜೋಡಿಸಿಟ್ಟಿದೆ. ಎಲ್ಲವನ್ನೂ ಬಿಟ್ಟು ಪ್ಯಾರಿಸ್ಸಿಗೆ ಹೋಗಿಬಿಡೋಣ, ನಾನು ದುಡಿಯುತ್ತೇನೆ, ನೀನು ನಿನ್ನನ್ನು ಕಂಡುಕೊ ಎಂದು ಏಪ್ರಿಲ್ ಹೇಳುತ್ತಾಳೆ. ಅಷ್ಟರಲ್ಲಿ ಅವಳು ಗರ್ಭಿಣಿ. ಅವನಿಗೆ ಆಫೀಸಿನಲ್ಲಿ ಬಡ್ತಿಯ ಸೂಚನೆ. ಕನಸು ಕುಸಿಯುತ್ತದೆ. ಕೊನೆಗೆ ಏಪ್ರಿಲ್ ತಾನೇ ಗರ್ಭಪಾತಕ್ಕೆ ಕೈಹಾಕಿ ಸಾಯುತ್ತಾಳೆ. ಈ ಕಾದಂಬರಿಯಲ್ಲಿ ದಂಪತಿಯ ಮುಖಕ್ಕೆ ಹೊಡೆದಂತೆ ಸತ್ಯ ಹೇಳುವವನು ಒಬ್ಬನೇ: ಮಾನಸಿಕ ಆಸ್ಪತ್ರೆಯಿಂದ ಆಗೊಮ್ಮೆ ಈಗೊಮ್ಮೆ ಹೊರಬರುವ, ನೆರೆಮನೆಯವರ ಮಗ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಕನ್ನಡದಲ್ಲಿ ಇಂಥ ಕಾದಂಬರಿ ಇದೆಯೇ? ಇದೆ. ಆದರೆ ನಮ್ಮಲ್ಲಿ ಕನಸಿನ ದಿಕ್ಕು ಬೇರೆ. ಅದು ಬೇರೆಯಾದದ್ದು ಹೇಗೆಂದು ತಿಳಿಯಲು ಮೊದಲು ಬಡಾವಣೆಯ ಕಥೆಯನ್ನೇ ನೋಡಬೇಕು.

ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ನಂತರ ತುಂಬಿಕೊಂಡ ಬಡಾವಣೆಗಳು. ಪೇಟೆಯ ಇಕ್ಕಟ್ಟಿನಿಂದ ಗಾಳಿ ಬೆಳಕಿಗೆ ಓಡಿಬಂದವರು ಕಟ್ಟಿಕೊಂಡ ಊರುಗಳವು. ಆದರೂ ಅಲ್ಲಿನ ಹಳೆಯ ಮನೆಗಳಲ್ಲಿ ಜಗುಲಿಯಿತ್ತು, ಹಿತ್ತಲಿತ್ತು. ಅತ್ತೆ, ಓರಗಿತ್ತಿ, ವಿಧವೆ ಸೋದರತ್ತೆ, ಓದಲು ಬಂದ ಊರ ಹುಡುಗ ಎಲ್ಲರೂ ಇದ್ದರು. ಜಗಳ ಬಯಲಲ್ಲೇ ಆಗುತ್ತಿತ್ತು, ಬಿಡಿಸಲು ಜನವೂ ಇದ್ದರು. ಸಂಬಳದ ಸಂಸಾರದ ಪುಟ್ಟ ಮನೆ ಸಾಲುಸಾಲಾಗಿ ಎದ್ದದ್ದು ಸ್ವಾತಂತ್ರ್ಯದ ಆಸುಪಾಸಿನಲ್ಲಿ. ನಗರ ಸುಧಾರಣಾ ಮಂಡಳಿ, ಅಂದರೆ ಹಿರಿಯರು ಇಂದಿಗೂ ಸಿ.ಐ.ಟಿ.ಬಿ. ಎನ್ನುವ ಸಂಸ್ಥೆ, 1945ರಲ್ಲಿ ಹುಟ್ಟಿತು. ಜಯನಗರಕ್ಕೆ 1948ರಲ್ಲಿ ಶಂಕುಸ್ಥಾಪನೆಯಾಯಿತು. ಅದಕ್ಕೆ ಒಂದು ವರ್ಷ ಮೊದಲು, 1947ರಲ್ಲಿ, ನ್ಯೂಯಾರ್ಕಿನ ಪಕ್ಕದ ಲಾಂಗ್ ಐಲೆಂಡಿನಲ್ಲಿ ಲೆವಿಟ್‌ಟೌನ್ ಶುರುವಾಗಿತ್ತು. ನಾಲ್ಕೈದು ವರ್ಷಗಳಲ್ಲಿ ಅಲ್ಲಿ ಒಂದೇ ಅಚ್ಚಿನ 17 ಸಾವಿರಕ್ಕೂ ಹೆಚ್ಚು ಮನೆಗಳು ಎದ್ದವು. ಯೇಟ್ಸನ ಕಾದಂಬರಿಯ ಹಿಂದಿರುವುದು ಆ ಮನೆಗಳ ಕಾಲ. ಒಂದು ಕಡೆ ಯುದ್ಧದಿಂದ ಮರಳಿದ ಸೈನಿಕ, ಇನ್ನೊಂದು ಕಡೆ ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳಿಗೂ ಸರ್ಕಾರಿ ಕಚೇರಿಗಳಿಗೂ ಜಿಲ್ಲೆಗಳಿಂದ ಬಂದ ನೌಕರ. ಇಬ್ಬರಿಗೂ ಬೇಕಾಗಿದ್ದದ್ದು ಒಂದು ಸ್ವಂತ ಬಾಗಿಲು.

ವ್ಯತ್ಯಾಸವೆಂದರೆ, ವೀಲರ್ ದಂಪತಿಗೆ ಆ ಬಾಗಿಲಿನಿಂದ ಹೊರಗೆ ಹೋಗುವುದೇ ಕನಸು. ನಮ್ಮವರಿಗೆ ಆ ಬಾಗಿಲೊಳಗೆ ಹೋಗುವುದೇ ಕನಸು. ಮಂಡಳಿಗೆ ಅರ್ಜಿ ಹಾಕಿ, ಹಂಚಿಕೆಗೆ ಕಾದು, 'ಲೀಸ್ ಕಂ ಸೇಲ್' ಕರಾರಿಗೆ ಸಹಿ ಮಾಡಿ ಸೈಟು ಪಡೆಯಬೇಕು. ಹೇಳಿದ ಅವಧಿಯೊಳಗೆ ಮನೆ ಕಟ್ಟಬೇಕು. ಇಷ್ಟು ವರ್ಷ ಮಾರುವಂತಿಲ್ಲ. (ಮದುವೆಯ ಕರಾರಿಗೂ ಇದಕ್ಕೂ ಹೋಲಿಕೆ ಕಂಡರೆ ಅದು ಓದುಗರ ಕುಚೋದ್ಯ, ನನ್ನದಲ್ಲ.) ಭವಿಷ್ಯ ನಿಧಿಯಿಂದ ಸಾಲ, ಹೆಂಡತಿಯ ಬಳೆ ಅಡವು, ಆಮೇಲೆ ಗೃಹಪ್ರವೇಶ. ಮೇಲೊಂದು ಮಹಡಿ ಎತ್ತಿ ಬಾಡಿಗೆಗೆ ಕೊಡುವ ಹೊತ್ತಿಗೆ ಯಜಮಾನನಿಗೆ ನಿವೃತ್ತಿ. ಒಂದು ಆಯುಸ್ಸಿನ ಆಸೆಯೆಲ್ಲ ಇಟ್ಟಿಗೆಯಾಗಿ ನಿಂತ ಮೇಲೆ, ಆ ಗೋಡೆಯೊಳಗೆ ತಾನು ಸುಖವಾಗಿಲ್ಲ ಎಂದು ಯಾರು ಹೇಳಬೇಕು? ಹೇಳಿದರೆ ಕೇಳುವವರು ಯಾರು?

ಇಲ್ಲೊಂದು ಸಣ್ಣ ಸಂಗತಿ. ಕನ್ನಡದಲ್ಲಿ ದಾಂಪತ್ಯ ಸುಖವನ್ನು ಹಾಡಿದ ಕವಿ ಯಾರೆಂದರೆ ಎಲ್ಲರೂ ಹೇಳುವುದು ಕೆ.ಎಸ್. ನರಸಿಂಹಸ್ವಾಮಿಯವರ ಹೆಸರನ್ನು. 'ಮೈಸೂರ ಮಲ್ಲಿಗೆ' 1942ರಲ್ಲಿ ಬಂತು. ಮದುವೆಮನೆಗಳಲ್ಲಿ ಅದನ್ನು ಉಡುಗೊರೆ ಕೊಡುವ ಪದ್ಧತಿಯೇ ಬೆಳೆಯಿತು. ಹೊಸ ಹೆಂಡತಿ, ತೌರುಮನೆ, ಬಳೆಗಾರ ಎಲ್ಲ ಇರುವ ಆ ಲೋಕ ಹಳ್ಳಿಯದು. ಅದನ್ನು ಬರೆದ ಕವಿ ಮುಂದೆ ಬೆಂಗಳೂರಿಗೆ ಬಂದು ಹೌಸಿಂಗ್ ಬೋರ್ಡಿನ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದರು. 1958ರ 'ಶಿಲಾಲತೆ'ಯ ಹೊತ್ತಿಗೆ ಅವರ ಕಾವ್ಯದ ದನಿ ಬದಲಾಗಿತ್ತು, ಸಂಸಾರದ ನೆರಳುಗಳೂ ಅಲ್ಲಿಗೆ ಬಂದಿದ್ದವು. ಬಳೆಗಾರ ಬಡಾವಣೆಯ ಗೇಟಿನವರೆಗೆ ಬರಲಿಲ್ಲ.

ಬಡಾವಣೆಯ ಮನೆಯೊಳಕ್ಕೆ ನೇರವಾಗಿ ಕಾಲಿಟ್ಟವರು ತ್ರಿವೇಣಿ. ಅನಸೂಯಾ ಶಂಕರ್ ಅವರ ನಿಜವಾದ ಹೆಸರು. 1928ರಲ್ಲಿ ಹುಟ್ಟಿದವರು, ಮೈಸೂರಿನಲ್ಲಿ ಮನಃಶಾಸ್ತ್ರ ಓದಿ ಚಿನ್ನದ ಪದಕ ಪಡೆದವರು. ಮೊದಲ ಕಾದಂಬರಿ 'ಅಪಸ್ವರ' 1953ರಲ್ಲಿ ಬಂತು. ಮುಂದಿನ ಹತ್ತು ವರ್ಷಗಳಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದರು. ವಿಮರ್ಶಕರು ಬಹುಕಾಲ ಅವರನ್ನು ಹೆಂಗಸರ ಓದಿನ ಲೇಖಕಿ ಎಂದು ಬದಿಗಿಟ್ಟರು. ನನ್ನ ಮಟ್ಟಿಗೆ ಅದು ನಮ್ಮ ವಿಮರ್ಶೆಯ ದೊಡ್ಡ ಸೋಮಾರಿತನ. ನವ್ಯರು ವ್ಯಕ್ತಿಯ ಒಳಗನ್ನು ಹುಡುಕಲು ಹೊರಡುವ ಹೊತ್ತಿಗಾಗಲೇ ಈಕೆ ಮಧ್ಯಮ ವರ್ಗದ ಅಡುಗೆಮನೆಯಲ್ಲಿ, ಮಲಗುವ ಕೋಣೆಯಲ್ಲಿ ಆ ಕೆಲಸ ಶುರುಮಾಡಿಯಾಗಿತ್ತು.

ಅವರ 'ಶರಪಂಜರ' ಬಹಳ ಜನಕ್ಕೆ ಗೊತ್ತಿರುವುದು ಪುಟ್ಟಣ್ಣ ಕಣಗಾಲರ 1971ರ ಚಿತ್ರದಿಂದ, ಕಲ್ಪನಾ ಅವರ ಅಭಿನಯದಿಂದ. ಕಾವೇರಿ ಮತ್ತು ಸತೀಶ ಪರಸ್ಪರ ಮೆಚ್ಚಿ ಮದುವೆಯಾದವರು. ಒಳ್ಳೆಯ ಕೆಲಸ, ಚೆಂದದ ಮನೆ, ಮಗು. ಎರಡನೆಯ ಬಾಣಂತನದ ನಂತರ ಕಾವೇರಿಯ ಮನಸ್ಸು ಕದಡುತ್ತದೆ. ಮದುವೆಗೆ ಮುಂಚಿನ, ಒಳಗೇ ಹುಗಿದಿಟ್ಟಿದ್ದ ಪ್ರಸಂಗವೊಂದು ಕಾಯಿಲೆಯ ಹೊತ್ತಿನಲ್ಲಿ ಹೊರಬೀಳುತ್ತದೆ. ಅವಳನ್ನು ಮಾನಸಿಕ ಆಸ್ಪತ್ರೆಗೆ ಸೇರಿಸುತ್ತಾರೆ. ಅವಳು ಗುಣವಾಗುತ್ತಾಳೆ.

ಬೇರೆ ಲೇಖಕರಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ತ್ರಿವೇಣಿಯವರ ಕಥೆಯ ತಿರುಳು ಶುರುವಾಗುವುದೇ ಅಲ್ಲಿಂದ. ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಮನೆ ನಂಬುವುದಿಲ್ಲ. ಅವಳು ನಕ್ಕರೆ ಅನುಮಾನ, ಸುಮ್ಮನಿದ್ದರೆ ಅನುಮಾನ, ಕೋಪ ಬಂದರಂತೂ ಕೇಳುವುದೇ ಬೇಡ. ಮಕ್ಕಳನ್ನು ಅವಳಿಂದ ದೂರವಿಡುವ ಕಣ್ಣುಗಳು, ನೆರೆಹೊರೆಯ ಪಿಸುಮಾತು. ಗಂಡ ಕೆಟ್ಟವನಂತೆ ಎಲ್ಲೂ ಕೂಗಾಡುವುದಿಲ್ಲ. ಸುಮ್ಮನೆ ದೂರ ಸರಿಯುತ್ತಾನೆ. ಮನೆಯ ಹೊರಗೆ ಅವನಿಗೆ ಇನ್ನೊಂದು ಸಂಬಂಧವಿದೆ ಎಂದು ಅವಳಿಗೆ ತಿಳಿಯುತ್ತದೆ. ಅವಳ ಹಳೆಯ ತಪ್ಪಿಗೆ ಕ್ಷಮೆಯಿಲ್ಲ, ಅವನ ಹೊಸ ತಪ್ಪಿಗೆ ಹೆಸರೂ ಇಲ್ಲ. ಕಾವೇರಿ ಮತ್ತೆ ಆಸ್ಪತ್ರೆಗೇ ಹಿಂದಿರುಗುತ್ತಾಳೆ. ಬಾಣಗಳಿಂದಲೇ ಕಟ್ಟಿದ ಪಂಜರ ಎಂಬ ಹೆಸರಿನ ಅರ್ಥ ಆಗ ಹೊಳೆಯುತ್ತದೆ: ಆ ಬಾಣಗಳೆಲ್ಲ ಮನೆಯವರ ನೋಟಗಳು.

ಯೇಟ್ಸನ ಕಾದಂಬರಿಯಲ್ಲಿ ಹುಚ್ಚನೆನಿಸಿಕೊಂಡ ನೆರೆಯವನು ಹೇಳಿದ ಸತ್ಯ ಆ ಮನೆಯನ್ನು ಒಡೆಯುತ್ತದೆ. ಇಲ್ಲಿ ಸತ್ಯ ಹೇಳಿದವಳು ಹೊರಗಿನವಳಲ್ಲ, ಮನೆಯ ಹೆಂಡತಿಯೇ. ಅದೂ ತನಗೇ ಗೊತ್ತಿಲ್ಲದೆ. ಹಾಗಾಗಿ ಒಡೆಯುವುದು ಅವಳೊಬ್ಬಳೇ. ಮನೆ ಹಾಗೆಯೇ ನಿಂತಿರುತ್ತದೆ, ಸುಣ್ಣ ಬಣ್ಣ ಮಾಸದೆ.

ಬಾಣಂತಿಯ ಮನೋವ್ಯಾಧಿಯನ್ನು ದೆವ್ವ, ಗಾಳಿ ಎಂದು ಬಿಡದೆ ಕಾಯಿಲೆಯೆಂದೇ ಬರೆದ ಈ ಲೇಖಕಿ 1963ರ ಜುಲೈನಲ್ಲಿ, ಹೆಣ್ಣುಮಗುವಿಗೆ ಜನ್ಮ ಕೊಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರಿಗೆ ಇನ್ನೂ 35 ತುಂಬಿರಲಿಲ್ಲ.

ಮಡಿವಾಳದವರಿಗೆ ಈ ಕಥೆಯ ಭೂಗೋಳ ಅಪರಿಚಿತವಲ್ಲ. ಮಡಿವಾಳದಿಂದ ಹೊಸೂರು ರಸ್ತೆ ಹಿಡಿದು ಪೇಟೆಯ ಕಡೆ ಹೊರಟರೆ ದಾರಿಯಲ್ಲೇ ಸಿಗುತ್ತದೆ ನಿಮ್ಹಾನ್ಸ್. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅಲ್ಲಿ ಶುರುವಾಯಿತು. ಹಳೆಯ ಮಾನಸಿಕ ಆಸ್ಪತ್ರೆಯೂ ಅದೂ 1974ರಲ್ಲಿ ಒಂದಾಗಿ ಈಗಿನ ನಿಮ್ಹಾನ್ಸ್ ಆಯಿತು. ಪಕ್ಕದ ಬಡಾವಣೆಗಳ ಮನೆಗಳಿಗೆ ಆ ಗೇಟು ಬಸ್ಸಿನ ಕೆಲವೇ ಸ್ಟಾಪುಗಳ ದೂರ. ಆದರೂ 'ನಿಮ್ಹಾನ್ಸಿಗೆ ಹೋಗಿಬಂದವಳು' ಎಂಬ ಮಾತು ಬೆಂಗಳೂರಿನ ಹೆಣ್ಣು ನೋಡುವ ಶಾಸ್ತ್ರಗಳಲ್ಲಿ ಎಷ್ಟು ಸಂಬಂಧ ಮುರಿದಿರಬಹುದೆಂದು ಲೆಕ್ಕ ಇಟ್ಟವರಿಲ್ಲ. ಆಸ್ಪತ್ರೆ ಗುಣಪಡಿಸಿ ಕಳಿಸಿದವರನ್ನು ಮನೆ ಗುಣವಾದವರೆಂದು ಒಪ್ಪಬೇಕಲ್ಲ? ತ್ರಿವೇಣಿಯವರು ಕೇಳಿದ್ದು ಇಷ್ಟನ್ನೇ.

ಕಾನೂನು ಇಷ್ಟರಲ್ಲಿ ಒಂದೆರಡು ಹೆಜ್ಜೆ ಹಾಕಿತ್ತು. 1955ರ ಹಿಂದೂ ವಿವಾಹ ಕಾಯಿದೆ ವಿಚ್ಛೇದನಕ್ಕೆ ಬಾಗಿಲು ತೆರೆಯಿತು. ಆದರೆ ಯಾರಾದರೊಬ್ಬರು ತಪ್ಪಿತಸ್ಥರೆಂದೋ ರೋಗಿಯೆಂದೋ ತೋರಿಸಬೇಕಿತ್ತು. ಇಬ್ಬರೂ ಒಪ್ಪಿ ಬೇರೆಯಾಗುವ ಅವಕಾಶ ಬಂದದ್ದು 1976ರ ತಿದ್ದುಪಡಿಯಿಂದ. ಅದೇ ವರ್ಷ ಸಿ.ಐ.ಟಿ.ಬಿ. ಹೋಗಿ ಬಿ.ಡಿ.ಎ. ಬಂತು. ಒಂದಕ್ಕೊಂದು ಸಂಬಂಧವಿಲ್ಲ, ಕಾಕತಾಳೀಯ. ಆದರೆ ಸೈಟಿನ ಸುದ್ದಿ ಬಡಾವಣೆಯ ಮನೆಮನೆಗೂ ತಲುಪಿದಷ್ಟು ಬೇಗ ಇನ್ನೊಂದು ಸುದ್ದಿ ತಲುಪಲಿಲ್ಲ.

ಆಮೇಲಿನ ಬೆಂಗಳೂರು ಎಲ್ಲರೂ ನೋಡನೋಡುತ್ತಿದ್ದಂತೆಯೇ ಆದದ್ದು. ಹೊಸೂರು ರಸ್ತೆಯ ತುದಿಯಲ್ಲಿ 1978ರಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿಯನ್ನು ಶುರುಮಾಡಿದಾಗ ಮಡಿವಾಳ ಊರಾಚೆಯ ಹಳ್ಳಿ. 1991ರ ನಂತರ ಹಣ ಬಂದ ರಭಸಕ್ಕೆ ಹಳ್ಳಿ ನಡುವೂರಾಯಿತು. ಹಳೆಯ ಮನೆ ಕೆಡವಿ ನಾಲ್ಕು ಮಹಡಿ ಎತ್ತಿದರು. ಸಂಬಳದ ಸಂಸಾರ ಬಾಡಿಗೆಯ ಸಂಸಾರವಾಯಿತು, ಕೆಲವರದು ವ್ಯಾಪಾರದ ಸಂಸಾರವಾಯಿತು. ಬಡತನದಲ್ಲಿ ಒಟ್ಟಿಗಿದ್ದ ಮನೆ ಹಣ ಬಂದಾಗ ಏನಾಗುತ್ತದೆ? ಈ ಪ್ರಶ್ನೆಯನ್ನು ಹಿಡಿದು ಬಂದ ಕಿರುಕಾದಂಬರಿಯೇ ವಿವೇಕ ಶಾನಭಾಗರ 'ಘಾಚರ್ ಘೋಚರ್'. 2013ರಲ್ಲಿ ಅಕ್ಷರ ಪ್ರಕಾಶನ ಅದನ್ನು ಪ್ರಕಟಿಸಿತು. ಒಂದೇ ಸಂಜೆಯಲ್ಲಿ ಓದಿ ಮುಗಿಸಬಹುದಾದ ಕೃತಿ. ಮರೆಯಲು ಮಾತ್ರ ಬಹಳ ಕಾಲ ಬೇಕು.

ಕಥೆ ಹೇಳುವವನಿಗೆ ಹೆಸರಿಲ್ಲ. ಬೆಂಗಳೂರಿನ ಹಳೆಯ ಕಾಫಿ ಹೌಸಿನಲ್ಲಿ ಕೂತು ಹೇಳುತ್ತಾನೆ. ಅಪ್ಪ ಟೀ ಕಂಪನಿಯ ಸೇಲ್ಸ್‌ಮನ್. ಹಳೆಯ ಮನೆಯಲ್ಲಿ ರೈಲಿನ ಬೋಗಿಗಳಂತೆ ಒಂದರ ಹಿಂದೊಂದು ಪುಟ್ಟ ಕೋಣೆಗಳು, ಇರುವೆಗಳ ಕಾಟ. ಒಂದು ವಸ್ತು ಕೊಳ್ಳಬೇಕಾದರೂ ಎಲ್ಲರೂ ಕೂತು ಚರ್ಚಿಸಬೇಕು. ಅಪ್ಪನ ದಿನದ ವಸೂಲಿ ಲೆಕ್ಕ ತಾಳೆಯಾಗದಿದ್ದರೆ ಮನೆಮಂದಿಯೆಲ್ಲ ಕಾಗದ ಹರಡಿಕೊಂಡು ತಪ್ಪು ಹುಡುಕುತ್ತಾರೆ. ಆಮೇಲೆ ಅಪ್ಪನ ಕೆಲಸ ಹೋಗುತ್ತದೆ. ಬಂದ ಹಣವನ್ನು ಚಿಕ್ಕಪ್ಪನ ವ್ಯಾಪಾರಕ್ಕೆ ಹಾಕುತ್ತಾರೆ. 'ಸೋನಾ ಮಸಾಲಾ' ಕೈಹಿಡಿಯುತ್ತದೆ. ಊರಿನ ಇನ್ನೊಂದು ಕಡೆ ದೊಡ್ಡ ಮನೆ, ಅದರ ತುಂಬ ಬೇಕಾದ್ದು ಬೇಡವಾದ್ದು ಎಲ್ಲ ಸಾಮಾನು. ದುಡಿಯುವ ಚಿಕ್ಕಪ್ಪನೇ ಮನೆಯ ಸೂರ್ಯ. ಅವನ ಊಟ, ಅವನ ಮಾತು, ಅವನ ಮೌನ ಎಲ್ಲಕ್ಕೂ ಎಲ್ಲರೂ ಎದ್ದು ನಿಲ್ಲುತ್ತಾರೆ.

ಈ ಮನೆಗೆ ಸೊಸೆಯಾಗಿ ಬರುತ್ತಾಳೆ ಹೈದರಾಬಾದಿನ ಅನಿತಾ. ಗಂಡ ಕಂಪನಿಯ ನಿರ್ದೇಶಕ ಎಂದು ನಂಬಿ ಬಂದವಳಿಗೆ ಬೇಗನೆ ತಿಳಿಯುತ್ತದೆ: ಅವನು ಯಾವ ಕೆಲಸವನ್ನೂ ಮಾಡುವುದಿಲ್ಲ, ತಿಂಗಳಿಗೊಮ್ಮೆ ಖಾತೆಗೆ ಹಣ ಬೀಳುತ್ತದೆ ಅಷ್ಟೇ. ಅವಳ ಕನಸು ಬಹಳ ದೊಡ್ಡದೇನಲ್ಲ. ಪ್ಯಾರಿಸ್ ಅಲ್ಲ, ಬೇರೆ ಮನೆಯೂ ಅಲ್ಲ. ಗಂಡ ತನ್ನ ಕೈಯಿಂದ ನಾಲ್ಕು ಕಾಸು ದುಡಿಯಲಿ ಎಂಬುದು. ಬಡತನದಿಂದ ಮೇಲೆದ್ದ ಈ ಮನೆಯಲ್ಲಿ ಅದೊಂದು ಮಾತೇ ಅಪರಾಧ.

ಒಂದು ದಿನ ಮನೆಯ ಗೇಟಿನ ಹೊರಗೆ ಹೆಂಗಸೊಬ್ಬಳು ಬಂದು ನಿಲ್ಲುತ್ತಾಳೆ. ಕೈಯಲ್ಲಿ ಬೇಳೆಯ ಸಾರಿನ ಡಬ್ಬಿ. ಚಿಕ್ಕಪ್ಪನಿಗೆ ಇಷ್ಟವೆಂದು ಮಾಡಿ ತಂದದ್ದು. ಅವಳು ಯಾರೆಂದು ಎಲ್ಲರಿಗೂ ಅರ್ಥವಾಗುತ್ತದೆ. ಚಿಕ್ಕಪ್ಪ ಒಳಗಿನಿಂದ ಹೊರಗೆ ಬರುವುದಿಲ್ಲ. ಅಮ್ಮ ಮತ್ತು ಗಂಡನನ್ನು ಬಿಟ್ಟುಬಂದಿರುವ ಅಕ್ಕ ಮಾಲತಿ ಸೇರಿ ಆ ಹೆಂಗಸನ್ನು ಬೈದು ಅಟ್ಟುತ್ತಾರೆ. ಡಬ್ಬಿ ಬಿದ್ದು ಸಾರು ಚೆಲ್ಲುತ್ತದೆ. ಗಂಡಸರು ನೋಡುತ್ತ ನಿಂತಿರುತ್ತಾರೆ. ಅದು ತಪ್ಪು ಎಂದು ಬಾಯಿಬಿಟ್ಟು ಹೇಳಿದವಳು ಅನಿತಾ ಒಬ್ಬಳೇ. ಆ ಬೀದಿಯಲ್ಲಿ ಚೆಲ್ಲಿದ ಸಾರಿನ ವಾಸನೆ ಕಾದಂಬರಿ ಮುಗಿಯುವವರೆಗೂ ಹೋಗುವುದಿಲ್ಲ. ಕೊನೆಯ ಪುಟಗಳಲ್ಲಿ ಅನಿತಾ ತೌರಿಗೆ ಹೋಗಿದ್ದಾಳೆ, ಮರಳಿ ಬಂದಿಲ್ಲ. ಏನಾಗಿರಬಹುದೆಂಬ ಭಯವೊಂದನ್ನು ಬಿಟ್ಟು ಲೇಖಕರು ಏನನ್ನೂ ಹೇಳುವುದಿಲ್ಲ. ಮನೆಯವರೂ ಏನನ್ನೂ ಮಾಡಿದಂತಿಲ್ಲ. ಆದರೆ ಹಿಂದೊಂದು ದಿನ ಊಟದ ಹೊತ್ತಿನಲ್ಲಿ ಅವರು ಹಗುರವಾಗಿ ಆಡಿಕೊಂಡ ಮಾತುಗಳು ಓದುಗರ ಕಿವಿಯಲ್ಲಿ ಮತ್ತೆ ಕೇಳತೊಡಗುತ್ತವೆ.

ಕಾವೇರಿಗೂ ಅನಿತಾಳಿಗೂ ನಡುವೆ ಅರ್ಧ ಶತಮಾನವಿದೆ. ಒಂದು ಮನೆ ಮಾನಕ್ಕೆ ಅಂಜಿದ್ದು, ಇನ್ನೊಂದು ಹಣಕ್ಕೆ ಅಂಟಿದ್ದು. ಇಬ್ಬರೂ ಕಾಲಿಟ್ಟದ್ದು ಮಾತ್ರ ಬೇರೆಯವರು ಮೊದಲೇ ಕಂಡು ಮುಗಿಸಿದ್ದ ಕನಸಿನೊಳಕ್ಕೆ. ಆ ಕನಸಿನಲ್ಲಿ ಅವರಿಗೊಂದು ಕೋಣೆಯಿತ್ತು, ಬೀರುವಿತ್ತು, ಬೀಗದ ಕೈಯೂ ಸಿಗುತ್ತಿತ್ತೋ ಏನೋ. ಇದ್ದದ್ದನ್ನು ಇದ್ದಂತೆ ಹೇಳುವ ಅವಕಾಶ ಮಾತ್ರ ಇರಲಿಲ್ಲ. ಬಡ್ಡಿ, ಬಾಣಂತನ, ಅತ್ತೆಯ ಕಿರಿಕಿರಿ, ಗಂಡನ ಚಪಲ ಎಲ್ಲವನ್ನೂ ತಡೆದುಕೊಳ್ಳುವ ಈ ಮನೆಗಳು ಒಂದು ನೇರ ಮಾತಿಗೆ ಬೆಚ್ಚುತ್ತವೆ. ಏಪ್ರಿಲ್ ವೀಲರ್‌ಗೆ ಹೋಗಲು ಪ್ಯಾರಿಸ್ ಎಂಬ ಊರಾದರೂ ಇತ್ತು, ಸುಳ್ಳೋ ನಿಜವೋ. ನಮ್ಮ ನಾಯಕಿಯರಿಗೆ ಇದ್ದದ್ದು ಆಸ್ಪತ್ರೆ, ಇಲ್ಲವೇ ತೌರುಮನೆಗೆ ಹೋಗುವ ರೈಲು.

ಶಾನಭಾಗರು 2021ರ 'ಸಕೀನಾಳ ಮುತ್ತು' ಕಾದಂಬರಿಯಲ್ಲಿ ಇದೇ ಗಂಟನ್ನು ಮತ್ತೆ ಮುಟ್ಟಿದರು. ಅಲ್ಲಿಯೂ ಬೆಂಗಳೂರು, ಅಲ್ಲಿಯೂ ತನಗೆ ಎಲ್ಲ ಅರ್ಥವಾಗಿದೆ ಎಂದುಕೊಂಡ ಗಂಡ. ಈ ಸಲ ಅವನಿಗೆ ಅರ್ಥವಾಗದವರು ಇಬ್ಬರು: ಹೆಂಡತಿ ಮತ್ತು ಬೆಳೆದ ಮಗಳು. ಮನೆಯೊಳಗೆ ಎದುರು ಮಾತಾಡುವ ಇನ್ನೊಂದು ಬಾಯಿ ಹುಟ್ಟಿಕೊಂಡಿದೆ ಎಂಬುದು ಸಣ್ಣ ಬದಲಾವಣೆಯಲ್ಲ.

ಮಡಿವಾಳದ ಗಲ್ಲಿಗಳಲ್ಲಿ ಈಗ ಪಿ.ಜಿ. ಬೋರ್ಡುಗಳು ತೂಗುತ್ತಿವೆ. ಸೈಟು ಸಿಕ್ಕ ತಲೆಮಾರಿನ ಮೊಮ್ಮಕ್ಕಳ ವಯಸ್ಸಿನ ಹುಡುಗ ಹುಡುಗಿಯರು ಒಂದು ಮಂಚ, ಒಂದು ಬೀರು ಬಾಡಿಗೆಗೆ ಪಡೆದು ಇಲ್ಲಿ ಮದುವೆಯ ಹಿಂದಿನ ವರ್ಷಗಳನ್ನು ಕಳೆಯುತ್ತಾರೆ. ಅವರೂ ಮುಂದೊಂದು ದಿನ ಸಾಲದ ಕಂತು ಕಟ್ಟುತ್ತ ಯಾವುದೋ ಮಹಡಿಯ ಫ್ಲ್ಯಾಟಿಗೆ ಹೋಗುವವರೇ.

'ಘಾಚರ್ ಘೋಚರ್' ಎಂಬುದು ಯಾವ ನಿಘಂಟಿನಲ್ಲೂ ಇದ್ದ ಮಾತಲ್ಲ. ಕಾದಂಬರಿಯಲ್ಲಿ ಅದು ಅನಿತಾಳ ತೌರುಮನೆಯ ಮಾತು. ಚಿಕ್ಕಂದಿನಲ್ಲಿ ಗಾಳಿಪಟದ ದಾರ ಬಿಡಿಸಲಾಗದಂತೆ ಸಿಕ್ಕುಬಿದ್ದಾಗ ಅವಳ ತಮ್ಮ ಕಟ್ಟಿದ ಪದ. ಊಟಿಗೆ ಮಧುಚಂದ್ರಕ್ಕೆ ಹೋದಾಗ ಅವಳು ಅದನ್ನು ಗಂಡನಿಗೆ ಹೇಳಿಕೊಡುತ್ತಾಳೆ. ಅವಳು ಆ ಮನೆಗೆ ತಂದ ವಸ್ತುಗಳಲ್ಲಿ ಅವನು ಉಳಿಸಿಕೊಂಡದ್ದು ಬಹುಶಃ ಅದೊಂದನ್ನೇ. ಶ್ರೀನಾಥ್ ಪೆರೂರ್ 2015ರಲ್ಲಿ ಪುಸ್ತಕವನ್ನು ಇಂಗ್ಲಿಷಿಗೆ ತಂದಾಗ ಆ ಪದವನ್ನು ಅನುವಾದಿಸಲಿಲ್ಲ. ಎರಡು ವರ್ಷದ ನಂತರ ಅಮೆರಿಕದಲ್ಲಿ, ಯೇಟ್ಸನ ಊರಿನ ಪುಸ್ತಕದಂಗಡಿಗಳಿಗೂ ಅದು ಅದೇ ಹೆಸರಿನಲ್ಲೇ ಹೋಯಿತು.